ಉಳಿಸಿದವರ ಹೆಸರು ಉದ್ಯಾನಕ್ಕೆ: ಫಲಕಕ್ಕಿಂತ ಮೊದಲು ಉತಾರ

ಹುಬ್ಬಳ್ಳಿ ಮತ್ತು ಧಾರವಾಡ ಒಂದೇ ಪಾಲಿಕೆಯ ಅಡಿಯಲ್ಲಿ ಬಂದದ್ದು 1962ರಲ್ಲಿ. ಅರವತ್ತು ವರ್ಷ ದಾಟಿದ ಈ ಜೊತೆಬಾಳುವೆಯ ಬಳಿಕ, 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ಒಪ್ಪಿಗೆ ಕೊಟ್ಟಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಯ ಪಾತ್ರೆ ಪಡಗಗಳ ಪಟ್ಟಿ ಮಾಡುವ ಹಾಗೆ, ಎರಡೂ ಊರುಗಳ ರಸ್ತೆ, ಕಟ್ಟಡ, ಖುಲ್ಲಾ ಜಾಗ, ಉದ್ಯಾನ ಎಲ್ಲವನ್ನೂ ಎಣಿಸಿ ಬರೆದಿಡುವ ಕೆಲಸ ಇಂಥ ವಿಭಜನೆಯ ಜೊತೆಗೇ ಬರುತ್ತದೆ. ಬರೆಯುವಾಗ ಪ್ರತಿ ಉದ್ಯಾನಕ್ಕೂ ಒಂದು ಹೆಸರು ಬೇಕಾಗುತ್ತದೆ. ಯಾರ ಹೆಸರು ಎಂಬ ಪ್ರಶ್ನೆಯನ್ನು ಶಾಂತವಾಗಿ ಕುಳಿತು ಯೋಚಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಊರಿನ ಶಾಸನ, ಕೆರೆ, ಗುಡಿ, ಮರ, ಭಾಷೆ, ಕಲೆಗಳನ್ನು ಕಾಪಾಡಲು ಬದುಕು ಸವೆಸಿದ ಸ್ಥಳೀಯರ ಹೆಸರನ್ನು ಉದ್ಯಾನಕ್ಕೆ ಇಡಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನ್ಯಾಯವಾದ ಮಾತು, ಅದರ ಪರವಾಗಿಯೇ ನಾನು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಎರಡು ಷರತ್ತುಗಳಿವೆ. ಒಬ್ಬ ಸಂರಕ್ಷಕರನ್ನು ಗೌರವಿಸುವ ಭರದಲ್ಲಿ ಜನರ ಬಾಯಲ್ಲಿ ಬೇರುಬಿಟ್ಟ ಹಳೆಯ ಹೆಸರನ್ನು ಅಳಿಸಬಾರದು. ಮತ್ತು ಫಲಕ ನೆಡುವ ಮೊದಲು ಆ ಜಾಗದ ಉತಾರ ಅಂದರೆ ಹಕ್ಕಿನ ದಾಖಲೆ, ನಕ್ಷೆ, ಗಡಿ ಸರಿಯಾಗಿರಬೇಕು. ಈ ಎರಡೂ ಇಲ್ಲದೆ ಇಟ್ಟ ಹೆಸರು ಆ ವ್ಯಕ್ತಿಯ ಕೆಲಸಕ್ಕೇ ವಿರುದ್ಧವಾಗಿ ನಿಲ್ಲುತ್ತದೆ.

ಈಗಿರುವ ಹೆಸರುಗಳನ್ನು ಒಮ್ಮೆ ನೋಡಿ. ಹುಬ್ಬಳ್ಳಿಯಲ್ಲಿ ಮಹಾತ್ಮಾ ಗಾಂಧಿ ಉದ್ಯಾನ, ಅದರೊಳಗೆ ಇಂದಿರಾ ಗಾಜಿನ ಮನೆ. ಧಾರವಾಡದಲ್ಲಿ ಕಿತ್ತೂರು ಚನ್ನಮ್ಮ ಉದ್ಯಾನ, ಆಜಾದ್ ಪಾರ್ಕ್. ನಾಡಿನ, ದೇಶದ ಹಿರಿಯರನ್ನು ನೆನೆಯುವ ಈ ಹೆಸರುಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಇಂಥ ನಾಲ್ಕಾರು ದೊಡ್ಡ ಉದ್ಯಾನಗಳನ್ನು ಬಿಟ್ಟು ಬಡಾವಣೆಗಳ ಒಳಗೆ ಹೋದರೆ ಚಿತ್ರ ಬದಲಾಗುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರವೋ ಗೃಹನಿರ್ಮಾಣ ಸಹಕಾರ ಸಂಘವೋ ಖಾಸಗಿಯವರೋ ಮಾಡಿದ ಬಡಾವಣೆಗಳಲ್ಲಿ ನಕ್ಷೆಯ ಪ್ರಕಾರ ಬಿಟ್ಟ ಎಷ್ಟೋ ಉದ್ಯಾನಗಳಿಗೆ ಹೆಸರೇ ಇಲ್ಲ. ಎರಡನೇ ಹಂತದ ಗಾರ್ಡನ್, ನೀರಿನ ಟಾಕಿಯ ಪಕ್ಕದ ಗಾರ್ಡನ್ ಎಂದು ಜನ ಗುರುತು ಹೇಳುತ್ತಾರೆ. ಹೊಸ ಹೆಸರಿಗೆ ನಿಜವಾದ ಅವಕಾಶ ಇರುವುದು ಇಲ್ಲಿ. ಯಾವ ಹಳೆಯ ಹೆಸರನ್ನೂ ಕೆಳಗಿಳಿಸದೆ ಒಬ್ಬರನ್ನು ಗೌರವಿಸಲು ಸಾಧ್ಯವಿರುವಾಗ, ಊರಿನ ನಡುವಿನ ಪ್ರಸಿದ್ಧ ಉದ್ಯಾನದ ಹೆಸರನ್ನೇ ಬದಲಿಸಬೇಕೆಂದು ಹಟ ಹಿಡಿಯುವುದು ಏಕೆ?

ಯಾರನ್ನು ಸಂರಕ್ಷಕ ಎಂದು ಕರೆಯಬೇಕು ಎಂಬುದು ಮುಂದಿನ ಪ್ರಶ್ನೆ. ಈ ನೆಲದಲ್ಲಿ ಅಂಥವರ ಪಟ್ಟಿ ಉದ್ದವಾಗಿದೆ. ಲಕ್ಕುಂಡಿಯ ಅತ್ತಿಮಬ್ಬೆಯಿಂದಲೇ ಶುರು ಮಾಡಬಹುದು. ಅಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ಅವಳು. ಅವಳನ್ನು ಕೊಂಡಾಡುವ ಅಲ್ಲಿನ ಶಾಸನ 1007ನೇ ಇಸವಿಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿ ಅವಳದು. ಓಲೆಗರಿಯ ಕಾಲದಲ್ಲಿ ಒಂದು ಕಾವ್ಯ ಉಳಿಯಬೇಕಾದರೆ ಅದರ ಪ್ರತಿಗಳು ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ ಇರಬೇಕು ಎಂಬುದನ್ನು ಅರಿತು ಮಾಡಿದ ಕೆಲಸ ಅದು.

ಹತ್ತಿರದ ಕಾಲಕ್ಕೆ ಬಂದರೆ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ನೆಲೆಸಿದ ಫ.ಗು. ಹಳಕಟ್ಟಿಯವರಿದ್ದಾರೆ. ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಮನೆಗಳಲ್ಲಿ, ಮಠಗಳಲ್ಲಿ ಗಂಟು ಕಟ್ಟಿ ಇಟ್ಟಿದ್ದ ಓಲೆಗರಿಗಳನ್ನು ಹುಡುಕಿ, ಓದಿ, ವಚನಗಳನ್ನು ಸಂಗ್ರಹಿಸಿದರು. ಅವನ್ನು ಅಚ್ಚು ಹಾಕಲು ತಾವೇ ಮುದ್ರಣಾಲಯ ತೆರೆದರು. 1905ರಲ್ಲಿ ಹಂಪೆಯ ಅವಶೇಷಗಳನ್ನು ಕಂಡು ಕಲಕಿಹೋದ ಆಲೂರು ವೆಂಕಟರಾಯರು ಕರ್ನಾಟಕದ ಇತಿಹಾಸವನ್ನು ಕನ್ನಡಿಗರ ಕೈಗೆ ಕೊಡಲು ಬಾಳನ್ನೇ ಮುಡಿಪಿಟ್ಟರು. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯನ್ನು ಆರ್.ಎಸ್. ಪಂಚಮುಖಿಯವರು ಕಟ್ಟಿ ಬೆಳೆಸಿದರು; ಶಾಸನ, ಶಿಲ್ಪ, ಹಸ್ತಪ್ರತಿಗಳಿಗೆ ಅದು ಆಸರೆಯಾಯಿತು. ಶಾಸನಗಳನ್ನು ಓದುತ್ತಲೇ ಆಯುಷ್ಯ ಕಳೆದ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಮರೆಯಾಗುತ್ತಿರುವ ಹಳ್ಳಿಯ ಬಾಳೇ ಶಿಲ್ಪವಾಗಿ ನಿಂತಿದೆ. ದೊಡ್ಡಾಟವನ್ನು ಉಳಿಸಲು ದುಡಿದ ಅವರ ವಿಷಯದಲ್ಲಂತೂ ಉದ್ಯಾನವೇ ಸಂರಕ್ಷಣೆಯ ಕೆಲಸವಾಗಿದೆ.

ಗದುಗಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದ, ಗಣಿಗಾರಿಕೆಯ ಕಣ್ಣಿಗೂ ಬಿದ್ದ ಬೆಟ್ಟಸಾಲು. 2015ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು, ರೈತರು, ಪರಿಸರ ಕಾರ್ಯಕರ್ತರು, ಸಾಹಿತಿಗಳು ಜೊತೆಗೂಡಿದರು. 2017ರಲ್ಲಿ ಸರ್ಕಾರ ಮತ್ತೆ ಸಂರಕ್ಷಿತ ಪ್ರದೇಶದ ಸ್ಥಾನ ಕೊಟ್ಟಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಆ ದಿನವನ್ನು ನೋಡಲು ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾಗಿದ್ದರು. ಇದಕ್ಕೂ ಮೊದಲು, 2011ರಲ್ಲಿ, ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆಗಾಗಿ ರೈತರ ಭೂಮಿ ಹೋಗುವುದನ್ನು ತಡೆದ ಚಳವಳಿಯ ಮುಂಚೂಣಿಯಲ್ಲೂ ಅವರೇ ಇದ್ದರು. ಅವರ ಹೆಸರು ಒಂದು ಉದ್ಯಾನಕ್ಕೆ ಬಂದರೆ ಬೇಡ ಎನ್ನುವವರು ಗದುಗಿನಲ್ಲಿ ಸಿಗುವುದು ಕಷ್ಟ.

ಆದರೂ ಕಪ್ಪತಗುಡ್ಡದ ಕತೆ ನಮಗೆ ಇನ್ನೊಂದನ್ನೂ ಹೇಳುತ್ತದೆ. ಗುಡ್ಡವನ್ನು ಕಾಪಾಡಿದ್ದು ಸರ್ಕಾರಿ ಅಧಿಸೂಚನೆ. ಅದನ್ನು ಹಿಂದಕ್ಕೆ ಪಡೆದ ಮರುಗಳಿಗೆಯಿಂದ ಗುಡ್ಡ ಅಪಾಯದಲ್ಲಿತ್ತು. ಸ್ವಾಮೀಜಿಯವರೂ ಅವರ ಜೊತೆಗಾರರೂ ಕೇಳಿದ್ದು ಗುಡ್ಡಕ್ಕೊಂದು ಗೌರವದ ಹೆಸರನ್ನಲ್ಲ, ಕಾನೂನಿನ ರಕ್ಷಣೆಯನ್ನು. ಅವರ ನೆನಪಿಗೆ ನಾವು ಏನು ಮಾಡಿದರೂ ಈ ಕ್ರಮವನ್ನು ಮರೆಯಬಾರದು.

ಉಳಿಸುವ ಕೆಲಸ ಒಬ್ಬರದೇ ಆಗಿರುವುದು ಅಪರೂಪ ಎಂಬ ತೊಡಕೂ ಇದೆ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ನೆನೆಯಿರಿ. ಹಳ್ಳಿಗಳ ದನಕರು ಮೇಯುವ, ಸೌದೆ ಸಿಗುವ ಸಾಮೂಹಿಕ ಭೂಮಿಯನ್ನು ಸರ್ಕಾರ ಕಾರ್ಖಾನೆಯ ನೀಲಗಿರಿ ತೋಪಿಗಾಗಿ ವಹಿಸಿಕೊಟ್ಟಿತ್ತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಮುಂದೆ 1991ರಲ್ಲಿ ಆ ನೀಲಗಿರಿ ಕಂಪನಿಯೇ ಮುಚ್ಚಿತು. ಈ ಗೆಲುವಿಗೆ ಒಬ್ಬರ ಹೆಸರು ಕೊಡಲು ಹೋದರೆ ಸಸಿ ಹಿಡಿದು ನಡೆದ ನೂರಾರು ರೈತರು, ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ಅಂಥ ಕಡೆ ಘಟನೆಯ ಹೆಸರು ಅಥವಾ ಊರವರ ಹೆಸರು ಇಡುವುದೇ ಹೆಚ್ಚು ಸತ್ಯ. ಕುಸನೂರು ಸತ್ಯಾಗ್ರಹ ಉದ್ಯಾನ ಎಂಬ ಫಲಕ ಹಾವೇರಿಯಲ್ಲಿ ಎದ್ದರೆ ನಾನು ಅದರ ಮುಂದೆ ಸಂತೋಷದಿಂದ ನಿಲ್ಲುತ್ತೇನೆ.

ರಾಜ್ಯದಾದ್ಯಂತ ಒಂದೇ ಹೆಸರನ್ನು ಹಂಚುವ ಪದ್ಧತಿಯನ್ನೂ ಇಲ್ಲಿ ಗಮನಿಸಬೇಕು. ಅರಣ್ಯ ಇಲಾಖೆ ಅನೇಕ ಊರುಗಳ ಹತ್ತಿರ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳನ್ನು ಮಾಡಿದೆ. ಹುಲಿಕಲ್ಲು ಮತ್ತು ಕುದೂರಿನ ನಡುವೆ ಆಲದ ಸಾಲು ಬೆಳೆಸಿದ ಆ ತಾಯಿಯ ಹೆಸರು ಮರಗಳ ತೋಪಿಗೆ ಒಪ್ಪುತ್ತದೆ. ಅದರ ಜೊತೆಗೆ ಆಯಾ ಊರಿನಲ್ಲೇ ಮರ ನೆಟ್ಟು ನೀರೆರೆದವರ ಸುದ್ದಿಯೂ ಅದೇ ತೋಪಿನಲ್ಲಿ ಒಂದು ಕಲ್ಲಿನ ಮೇಲಾದರೂ ಇರಬೇಕಿತ್ತು. ತನ್ನೂರಿನಲ್ಲೂ ಅಂಥವರಿದ್ದರು ಎಂದು ಗದುಗಿನ ಮಗುವಿಗೆ ಗೊತ್ತಾಗುವುದು ಹಾಗೆ.

ನಮ್ಮ ಹಿರಿಯರು ಇದನ್ನೆಲ್ಲ ಹೇಗೆ ಮಾಡುತ್ತಿದ್ದರು? ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಶಾಸನ ಇಲ್ಲದ ಹಳೆಯ ಊರು ಕಡಿಮೆ. ಕಲ್ಯಾಣದ ಚಾಲುಕ್ಯರ ಕಾಲದ ಒಂದು ದಾನಶಾಸನವನ್ನು ತೆಗೆದುಕೊಳ್ಳಿ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ ಅಥವಾ ಜಿನಬಿಂಬ, ಹಸು ಕರು. ಕೆಳಗೆ ಅರಸನ ಪ್ರಶಸ್ತಿ, ದಾನ ಕೊಟ್ಟವರ ವಿವರ. ಆಮೇಲೆ ಮುಖ್ಯವಾದ ಭಾಗ ಬರುತ್ತದೆ. ಎಷ್ಟು ಮತ್ತರು ಭೂಮಿ, ಯಾವ ಕೋಲಿನ ಅಳತೆ, ಮೂಡಲಿಗೆ ಏನು, ತೆಂಕಲಿಗೆ ಏನು, ಪಡುವಲಿಗೆ ಏನು, ಬಡಗಲಿಗೆ ಏನು. ಗಡಿ ಹೇಳಲು ಕೆರೆಯ ಏರಿ, ಹುತ್ತ, ಆಲದ ಮರ, ನೆಟ್ಟ ಕಲ್ಲು, ಹಾದುಹೋಗುವ ದಾರಿ ಎಲ್ಲವನ್ನೂ ಬರೆಯುತ್ತಿದ್ದರು. ಆದಾಯ ಯಾವುದಕ್ಕೆ ಬಳಕೆಯಾಗಬೇಕು, ಯಾರ ಉಸ್ತುವಾರಿ, ಯಾವ ಮಹಾಜನರು ನೋಡಿಕೊಳ್ಳಬೇಕು ಎಂಬುದೂ ಇರುತ್ತಿತ್ತು. ಕೊನೆಗೆ ಶಾಪಾಶಯ: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನು.

ಆ ಕೊನೆಯ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಸ್ಕೃತ ಶ್ಲೋಕವಿದೆ. ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ.’ ಕೊಡುವುದು ಮತ್ತು ಕಾಯುವುದು ಎಂಬ ಎರಡರಲ್ಲಿ ಕೊಡುವುದಕ್ಕಿಂತ ಕಾಯುವುದೇ ಮೇಲು ಎಂದು ಅದು ಹೇಳುತ್ತದೆ. ದಾನದಿಂದ ಸ್ವರ್ಗ ಸಿಗುತ್ತದೆ, ಪಾಲನೆಯಿಂದ ಎಂದೂ ಜಾರದ ಪದವಿ ಸಿಗುತ್ತದೆ ಎಂದು ಮುಂದಿನ ಸಾಲು. ಕೊಟ್ಟ ಅರಸನೇ ಬರೆಯಿಸಿದ ಕಲ್ಲಿನಲ್ಲಿ, ಮುಂದೆ ಬಂದು ಅದನ್ನು ಕಾಯುವ ಅಪರಿಚಿತ ತನಗಿಂತ ದೊಡ್ಡವನು ಎಂದು ಒಪ್ಪಿಕೊಳ್ಳುವ ಈ ಮಾತನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಸಂರಕ್ಷಕರಿಗೆ ಗೌರವ ಕೊಡುವ ಯೋಚನೆ ಹೊರಗಿನಿಂದ ಬಂದದ್ದಲ್ಲ. ಅದು ನಮ್ಮ ಊರಿನ ಗುಡಿಯ ಮುಂದಿನ ಕಲ್ಲಿನಲ್ಲೇ ಇದೆ.

ಇಂದಿನ ಉದ್ಯಾನದ ಫಲಕದ ಮುಂದೆ ನಿಂತು ಇದನ್ನು ಹೋಲಿಸಿ. ಉದ್ಘಾಟಿಸಿದ ಸಚಿವರು, ಅಧ್ಯಕ್ಷತೆ ವಹಿಸಿದ ಶಾಸಕರು, ಮೇಯರ್, ಉಪಮೇಯರ್, ಸದಸ್ಯರು, ಆಯುಕ್ತರು, ತಾರೀಖು. ಉದ್ಯಾನ ಎಷ್ಟು ಗುಂಟೆ ಎಂದು ಬರೆದಿರುವುದಿಲ್ಲ. ನಾಲ್ಕು ದಿಕ್ಕಿನ ಗಡಿ ಇರುವುದಿಲ್ಲ. ನಿರ್ವಹಣೆ ಯಾರದು, ಯಾರಿಗೆ ದೂರು ಕೊಡಬೇಕು ಎಂಬುದೂ ಕಾಣುವುದಿಲ್ಲ. ಸಾವಿರ ವರ್ಷದ ಹಿಂದೆ ಅಕ್ಷರ ಬಲ್ಲವರು ಕೆಲವರೇ ಇದ್ದಾಗ ಕಲ್ಲಿನಲ್ಲಿ ಕೊರೆದು ಊರ ನಡುವೆ ನಿಲ್ಲಿಸುತ್ತಿದ್ದ ಮಾಹಿತಿಯನ್ನು, ಎಲ್ಲರೂ ಓದಬಲ್ಲ ಈ ಕಾಲದಲ್ಲಿ ಕಡತದ ಒಳಗೆ ಇಡುತ್ತಿದ್ದೇವೆ. ಒಬ್ಬ ಶಾಸನತಜ್ಞರ ಹೆಸರನ್ನು ಉದ್ಯಾನಕ್ಕೆ ಇಡುವುದಾದರೆ ಆ ಫಲಕವನ್ನು ಶಾಸನದ ಮಾದರಿಯಲ್ಲೇ ಬರೆಯಿಸಬೇಕು. ಅಳತೆ, ಗಡಿ, ಉದ್ದೇಶ, ಕಾಯುವವರು. ಅವರಿಗೆ ಅದಕ್ಕಿಂತ ತಕ್ಕ ಗೌರವ ಬೇರೆ ಯಾವುದಿದೆ?

ಇನ್ನು ಹೆಸರು ಬದಲಿಸುವುದರಿಂದ ಆಗುವ ನಷ್ಟದ ಮಾತು. ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಡಲಾಯಿತು. ನೂರು ವರ್ಷ ಹತ್ತಿರವಾಗುತ್ತಿದೆ, ಜನ ಇನ್ನೂ ಕಬ್ಬನ್ ಪಾರ್ಕ್ ಎಂದೇ ಕರೆಯುತ್ತಾರೆ. ಆ ಉದ್ಯಾನವನ್ನು ಕಾಪಾಡಿದ್ದು ಮೊದಲ ಹೆಸರೂ ಅಲ್ಲ, ಎರಡನೆಯದೂ ಅಲ್ಲ. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದೇ ಬಂದ ರಾಜ್ಯದ ಕಾಯ್ದೆ ಮತ್ತು ಅದನ್ನು ಸಡಿಲಿಸಲು ಹೊರಟಾಗಲೆಲ್ಲ ಬೀದಿಗಿಳಿದ ಜನ ಅದನ್ನು ಉಳಿಸಿದ್ದಾರೆ.

ಹೆಸರು ಅಕ್ಷರಗಳಾಗಿ ಕುಗ್ಗುವುದು ಇನ್ನೊಂದು ನಷ್ಟ. ಧಾರವಾಡದಲ್ಲಿ ಕಿತ್ತೂರು ಚನ್ನಮ್ಮ ಉದ್ಯಾನ ಎಂದು ಪೂರ್ತಿ ಹೇಳುವವರು ಎಷ್ಟು ಮಂದಿ? ಎಲ್ಲರಿಗೂ ಅದು ಕೆ.ಸಿ. ಪಾರ್ಕ್. ಬೆಂಗಳೂರಿನ ಆಲ್ಬರ್ಟ್ ವಿಕ್ಟರ್ ರಸ್ತೆಗೆ ನಮ್ಮ ಆಲೂರು ವೆಂಕಟರಾಯರ ಹೆಸರಿಟ್ಟರು. ಮೊದಲೂ ಅದು ಎ.ವಿ. ರಸ್ತೆ, ಆಮೇಲೂ ಎ.ವಿ. ರಸ್ತೆ. ಅಲ್ಲಿ ದಿನವೂ ಓಡಾಡುವ ಎಳೆಯರಿಗೆ ಆ ಎರಡು ಅಕ್ಷರಗಳ ಹಿಂದೆ ಕರ್ನಾಟಕದ ಕುಲಪುರೋಹಿತರು ಇದ್ದಾರೆಂದು ತಿಳಿಯಲು ದಾರಿಯೇ ಇಲ್ಲ. ಹೆಸರಿಡುವುದು ನೆನಪಿನ ಆರಂಭ ಮಾತ್ರ. ಅದರ ಜೊತೆ ಓದಲು ಏನಾದರೂ ಇಲ್ಲದಿದ್ದರೆ, ವರ್ಷಕ್ಕೊಮ್ಮೆಯಾದರೂ ಅಲ್ಲಿ ಮಕ್ಕಳನ್ನು ಕರೆದು ಹೇಳುವವರಿಲ್ಲದಿದ್ದರೆ, ಹೆಸರು ಬರೀ ವಿಳಾಸವಾಗುತ್ತದೆ.

ಹಳೆಯ ಹೆಸರುಗಳನ್ನು ಅಳಿಸುವುದು ಇವೆಲ್ಲಕ್ಕಿಂತ ದೊಡ್ಡ ನಷ್ಟ. ಸ್ಥಳನಾಮಗಳನ್ನು ಇತಿಹಾಸದ ದಾಖಲೆಯೆಂದು ಓದಲು ಕನ್ನಡಿಗರಿಗೆ ಕಲಿಸಿದವರು ಧಾರವಾಡದ ಶಾಲಾ ಮಾಸ್ತರ ಶಂ.ಬಾ. ಜೋಶಿಯವರು. ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಅವರು ಊರ ಹೆಸರುಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಕನ್ನಡ ಎಲ್ಲಿಯವರೆಗೆ ಹರಡಿತ್ತೆಂದು ತೋರಿಸಿದರು. ಆ ಕಣ್ಣಿನಿಂದ ಧಾರವಾಡವನ್ನು ನೋಡಿದರೆ ಸಾಧನಕೇರಿ, ಎಮ್ಮಿಕೇರಿ, ಕೋಳಿಕೇರಿ, ನುಚ್ಚಂಬ್ಲಿ ಬಾವಿ ಇವೆಲ್ಲ ಊರಿನ ನೀರಿನ, ಬದುಕಿನ ಚರಿತ್ರೆಯ ಪುಟಗಳು. ಇಂಥ ಜಾಗದ ಉದ್ಯಾನಕ್ಕೆ ಎಷ್ಟೇ ದೊಡ್ಡವರ ಹೆಸರಿಟ್ಟರೂ ಈ ಪದಗಳು ಫಲಕದಿಂದ ಹೋಗಬಾರದು. ಶಂಬಾ ಅವರ ಹೆಸರನ್ನೇ ಇಡಲು ಹೊರಟು ಒಂದು ಹಳೆಯ ಸ್ಥಳನಾಮವನ್ನು ಕಳೆದುಕೊಂಡರೆ ಅದು ಅವರಿಗೆ ಮಾಡುವ ಅನ್ಯಾಯವಾಗುತ್ತದೆ.

ಇದಕ್ಕೆ ಧಾರವಾಡದಲ್ಲೇ ಒಳ್ಳೆಯ ಮಾದರಿ ಇದೆ. ಬೇಂದ್ರೆಯವರು ಬಾಳಿದ್ದು ಸಾಧನಕೇರಿಯಲ್ಲಿ. ಆ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದವರೂ ಅವರೇ. ಕೆರೆ ಸಾಧನಕೇರಿಯಾಗಿಯೇ ಉಳಿದಿದೆ, ಅದರ ಮಗ್ಗುಲಲ್ಲಿ ಬೇಂದ್ರೆ ಭವನವಿದೆ. ಜಾಗಕ್ಕೆ ಜಾಗದ ಹೆಸರು, ನೆನಪಿಗೆ ಕವಿಯ ಹೆಸರು. ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಕೆರೆಗೇ ಕವಿಯ ಹೆಸರಿಟ್ಟಿದ್ದರೆ ಅವರ ಕವಿತೆಯನ್ನು ಓದಿ ಆ ಜಾಗವನ್ನು ಹುಡುಕಿಕೊಂಡು ಬರುವವರಿಗೆ ಅದು ಸಿಗುತ್ತಲೇ ಇರಲಿಲ್ಲ.

2014ರ ನವೆಂಬರ್ 1ರಂದು ಹುಬ್ಳಿ ಹುಬ್ಬಳ್ಳಿಯಾದದ್ದನ್ನು ಇದಕ್ಕೆ ಎದುರು ವಾದವಾಗಿ ಕೆಲವರು ಮುಂದಿಡುತ್ತಾರೆ: ಊರಿನ ಹೆಸರನ್ನೇ ಬದಲಿಸಬಹುದಾದರೆ ಉದ್ಯಾನದ್ದೇನು? ಅಲ್ಲಿ ನಡೆದದ್ದು ಬೇರೆ ಬಗೆಯ ಕೆಲಸ. ಕನ್ನಡಿಗರು ಮೊದಲಿನಿಂದ ಬರೆಯುತ್ತಿದ್ದ ರೂಪವನ್ನು ದಾಖಲೆಗೆ ತಂದದ್ದು ಅದು, ಅಂದರೆ ಜನರ ಹೆಸರಿಗೆ ಸಿಕ್ಕ ಮನ್ನಣೆ. ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ 2020ರಲ್ಲಿ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂದಾಗಲೂ ಹುಬ್ಬಳ್ಳಿ ಎಂಬುದನ್ನು ಬಿಡಲಿಲ್ಲ, ಮುಂದೆ ಹಿರಿಯರ ಹೆಸರು ಸೇರಿತು. ಉದ್ಯಾನಗಳಿಗೂ ಈ ದಾರಿ ಹೊಂದುತ್ತದೆ.

ಈಗ ಕಾನೂನು ಮತ್ತು ಕಡತಕ್ಕೆ ಬರೋಣ. ಫಲಕದ ಮೇಲೆ ಯಾವ ಹೆಸರಿದ್ದರೂ ಆ ಜಾಗ ಉದ್ಯಾನವೆಂದು ಉಳಿಯುವುದು ಕಾಗದಪತ್ರದಲ್ಲಿ. ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ಪಾಲಿಕೆಗೆ ಹಸ್ತಾಂತರವಾಗಬೇಕು. ಸಿಟಿ ಸರ್ವೆ ದಾಖಲೆಯಲ್ಲಿ, ಉತಾರದಲ್ಲಿ ಪಾಲಿಕೆಯ ಹೆಸರು ಮತ್ತು ಉದ್ಯಾನ ಎಂಬ ಉದ್ದೇಶ ಕಾಣಬೇಕು. ಬಡಾವಣೆ ಹಸ್ತಾಂತರವಾಗದೆ ಉಳಿದರೆ ಉದ್ಯಾನ ಯಾರ ಜವಾಬ್ದಾರಿಯೂ ಅಲ್ಲದ ಜಾಗವಾಗುತ್ತದೆ. ಮೊದಲು ಮೂಲೆಯಲ್ಲಿ ಒಂದು ಶೆಡ್, ಆಮೇಲೆ ನೀರಿನ ಟ್ಯಾಂಕ್, ಆಮೇಲೆ ಸಮುದಾಯ ಭವನ, ಒಂದು ಪುಟ್ಟ ಗುಡಿ. ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೇ ಇರುತ್ತದೆ. ಕೊನೆಗೆ ಮಕ್ಕಳಿಗೆ ಓಡಲು ಜಾಗ ಉಳಿಯುವುದಿಲ್ಲ.

ಇದನ್ನು ತಡೆಯಲು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಉದ್ಯಾನ, ಮೈದಾನ, ಬಯಲುಗಳ ಪಟ್ಟಿ ಮಾಡಬೇಕು, ಆ ಜಾಗಗಳನ್ನು ಅನುಮತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಎಂಬುದು ಅದರ ತಿರುಳು. ಎರಡು ಪಾಲಿಕೆಗಳಾಗುವ ಹೊತ್ತಿನಲ್ಲಿ ನಾವು ಗಟ್ಟಿಯಾಗಿ ಕೇಳಬೇಕಾದದ್ದು ಈ ಪಟ್ಟಿಯನ್ನು.

ನ್ಯಾಯಾಲಯವೂ ನಮ್ಮ ಪರವಾಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹಂಚಿಕೆಗೆ ಮುಖ್ಯಮಂತ್ರಿಯವರ ಮಟ್ಟದ ನಿರ್ದೇಶನ ಇತ್ತು. ಆದರೂ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲದು ಎಂದಿತು. ಬಡಾವಣೆಯ ಉದ್ಯಾನದಲ್ಲಿ ಅಲ್ಲಿ ವಾಸಿಸುವವರಿಗೆ ಹಕ್ಕಿದೆ, ಅದಕ್ಕಾಗಿ ಅವರು ನ್ಯಾಯಾಲಯದ ಬಾಗಿಲು ತಟ್ಟಬಹುದು ಎಂಬುದನ್ನು ಆ ತೀರ್ಪು ಸ್ಥಿರಪಡಿಸಿತು. ಆಸ್ಪತ್ರೆ ಒಳ್ಳೆಯದಲ್ಲವೇ ಎಂಬ ವಾದ ಅಲ್ಲಿ ಗೆಲ್ಲಲಿಲ್ಲ ಎಂಬುದನ್ನು ಗಮನಿಸಿ.

ಹೆಸರಿನ ಜೊತೆ ಪುತ್ಥಳಿಯ ಬೇಡಿಕೆಯೂ ಬರುವುದು ವಾಡಿಕೆ. ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಕಾನೂನಿನ ಮಾತು ಬಿಟ್ಟರೂ, ಮರ ಉಳಿಸಿದವರ ನೆನಪಿಗೆ ಕಾಂಕ್ರೀಟ್ ಕಟ್ಟೆ ಯಾತಕ್ಕೆ ಬೇಕು? ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಗಾಗಿ ರಸ್ತೆ ಅಗಲಿಸುವಾಗ ಎರಡೂ ಊರುಗಳ ನಡುವೆ ಎಷ್ಟು ಹಳೆಯ ಮರಗಳು ಉರುಳಿದವು ಎಂಬುದನ್ನು ನಮ್ಮ ಪೀಳಿಗೆ ಕಣ್ಣಾರೆ ಕಂಡಿದೆ. ಪುತ್ಥಳಿಗೆ ಇಡುವ ಹಣದಲ್ಲಿ ಬೇವು, ಹೊಂಗೆ, ಆಲ, ಅತ್ತಿ ಹಚ್ಚಿ, ಐದು ವರ್ಷ ನೀರುಣಿಸಲು ಒಬ್ಬ ಮಾಲಿಗೆ ಪಗಾರ ಕೊಟ್ಟರೆ ಅದೇ ದೊಡ್ಡ ಸ್ಮಾರಕ.

ಆಯ್ಕೆ ಹೇಗೆ ನಡೆಯಬೇಕು ಎಂಬುದರಲ್ಲಿ ನಾಜೂಕಾದ ಸಂಗತಿಯೊಂದಿದೆ, ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ನಮ್ಮಲ್ಲಿ ಹೆಸರಿನ ಠರಾವು ಸಾಮಾನ್ಯ ಸಭೆಗೆ ಬಂದ ಕೂಡಲೇ ಜಾತಿಯ, ಪಕ್ಷದ ಲೆಕ್ಕಾಚಾರ ಶುರುವಾಗುತ್ತದೆ. ಒಂದು ಸಮುದಾಯದವರ ಹೆಸರು ಬಂದರೆ ಇನ್ನೊಂದು ಸಮುದಾಯದವರ ಹೆಸರೂ ಬರಬೇಕು ಎಂಬ ಒತ್ತಾಯ. ಬದುಕಿದ್ದಾಗ ಎಲ್ಲರಿಗೂ ಸೇರಿದ್ದ ವಿದ್ವಾಂಸರು ತೀರಿಕೊಂಡ ಮೇಲೆ ಒಂದು ಗುಂಪಿನವರಾಗಿಬಿಡುತ್ತಾರೆ. ಇದನ್ನು ತಪ್ಪಿಸಲು ವ್ಯಕ್ತಿಯ ಕೀರ್ತಿಯ ಬದಲು ಆ ಜಾಗದೊಂದಿಗಿನ ನಂಟನ್ನು ಅಳತೆಗೋಲು ಮಾಡಬೇಕು. ಅವರು ಉಳಿಸಿದ್ದೇನು, ಅದು ಈ ಉದ್ಯಾನಕ್ಕೆ ಎಷ್ಟು ಹತ್ತಿರ, ಇಂದಿಗೂ ಉಳಿದಿದೆಯೇ? ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತ ಕೆಲಸ ಮಾಡಿದವರ ಹೆಸರು ಉಣಕಲ್ಲಿನಲ್ಲಿ, ಒಂದು ಕೆರೆಯ ಹೂಳು ತೆಗೆಸಿದವರ ಹೆಸರು ಆ ಕೆರೆಯ ದಂಡೆಯಲ್ಲಿ. ಈ ಅಳತೆಗೋಲಿನ ಮುಂದೆ ಲೆಕ್ಕಾಚಾರ ತಾನಾಗಿ ಮೆತ್ತಗಾಗುತ್ತದೆ.

ಬದುಕಿರುವವರ ಹೆಸರು ಬೇಡ. ಸಂರಕ್ಷಣೆಯ ಕೆಲಸದಲ್ಲಿರುವವರು ಪಾಲಿಕೆಯನ್ನೂ ಸರ್ಕಾರವನ್ನೂ ಪ್ರಶ್ನಿಸಬೇಕಾದವರು. ಅವರಿಂದಲೇ ಗೌರವ ಪಡೆದರೆ ದನಿ ಇಳಿಯುವ ಅಪಾಯವಿದೆ. ತೀರಿಕೊಂಡ ಮೇಲೂ ಕೆಲವು ವರ್ಷ ಕಾಯುವುದು ಒಳ್ಳೆಯದು. ಮನೆಯವರ ಒಪ್ಪಿಗೆ ಕೇಳಬೇಕು. ಹೆಣ್ಣುಮಕ್ಕಳ ಹೆಸರುಗಳನ್ನು ಹುಡುಕಿ ತರಬೇಕು, ಏಕೆಂದರೆ ಬೀಸುವ ಪದ, ಸೋಬಾನೆಗಳನ್ನು, ಬೀಜಗಳನ್ನು, ಕಸೂತಿಯನ್ನು ಮನೆಯೊಳಗೆ ಉಳಿಸಿಕೊಂಡು ಬಂದವರ ಪರವಾಗಿ ಮನವಿ ಬರೆದುಕೊಡುವ ಸಂಘಗಳು ಕಡಿಮೆ. ಧಾರವಾಡದ ಕಸೂತಿ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಅದನ್ನು ಕೈಯಿಂದ ಕೈಗೆ ದಾಟಿಸಿದ ಅಜ್ಜಿಯರಲ್ಲಿ ಒಬ್ಬರ ಹೆಸರೂ ಊರಿನ ಯಾವ ಉದ್ಯಾನದ ಬಾಗಿಲಲ್ಲೂ ನನಗೆ ಕಂಡಿಲ್ಲ.

ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳ ಯಾವ ನಿವಾಸಿಯಾದರೂ ಇದನ್ನು ಇಂದೇ ಆರಂಭಿಸಬಹುದು. ನಿಮ್ಮ ಓಣಿಯ ಉದ್ಯಾನದ ಮಂಜೂರಾದ ನಕ್ಷೆ, ಹಸ್ತಾಂತರದ ಪತ್ರ, ಉತಾರ ಮತ್ತು ವಿಸ್ತೀರ್ಣದ ಪ್ರತಿ ಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು ಮತ್ತು ಒಂದೇ ವಿಷಯಕ್ಕೆ ಸೇರಿರಬೇಕು. 30 ದಿನಗಳ ಒಳಗೆ ಉತ್ತರ ಬರಬೇಕು. ಬಂದ ಕಾಗದವನ್ನು ಹಿಡಿದು ಅಕ್ಕಪಕ್ಕದ ನಾಲ್ಕು ಜನ ಸೇರಿ ಉದ್ಯಾನದ ಗಡಿಯನ್ನು ಟೇಪಿನಿಂದ ಅಳೆಯಿರಿ. ಕಾಗದದಲ್ಲಿರುವ ಗುಂಟೆಯೂ ನೆಲದ ಮೇಲಿರುವ ಗುಂಟೆಯೂ ಕೂಡಿಬಂದರೆ ಆ ಅಳತೆಯನ್ನು ಲಗತ್ತಿಸಿ, ನಿಮ್ಮ ಊರಿನಲ್ಲಿ ಏನನ್ನಾದರೂ ಉಳಿಸಿದವರೊಬ್ಬರ ಹೆಸರನ್ನು ಸೂಚಿಸಿ ವಾರ್ಡ್ ಸದಸ್ಯರಿಗೆ ಮನವಿ ಕೊಡಿ. ಕೂಡಿಬರದಿದ್ದರೆ ಮೊದಲು ಒತ್ತುವರಿಯ ದೂರು ಕೊಡಿ.